ಧಣಿಯಿಲ್ಲದ ಬಸ್ಸುಗಳು

ಮಲೆನಾಡಿನ ಜಡಿಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಿಂತವರಿಗೆ ಬಸ್ಸಿನ ಬೆಲೆ ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಪೇಟೆಗಳಿಗೂ ರೈಲಿಲ್ಲ. ಮನೆಗಳೋ, ತೋಟದಾಚೆ ಒಂದು, ಗುಡ್ಡದಾಚೆ ಇನ್ನೊಂದು. ಹೈಸ್ಕೂಲು, ಕಾಲೇಜು ಮುಟ್ಟಬೇಕಾದರೆ ಬಸ್ಸೇ ಗತಿ. ಇಲ್ಲಿನ ಎಷ್ಟೋ ಮಕ್ಕಳು ರಿಯಾಯಿತಿ ಪಾಸ್ ಹಿಡಿದು ಹತ್ತಿದ್ದು ‘ಸಹಕಾರ ಸಾರಿಗೆ’ಯ ಬಸ್ಸುಗಳನ್ನು.

ಅದರ ಹುಟ್ಟಿನ ಕಥೆಯನ್ನು ಇಂದಿನ ವಿದ್ಯಾರ್ಥಿಗಳು ಕೇಳಿರಲಾರರು. ಕೊಪ್ಪದ ಒಂದು ಖಾಸಗಿ ಬಸ್ ಕಂಪನಿ ನಿಂತುಹೋದಾಗ ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ಬೇರೆ ಧಣಿಯನ್ನು ಹುಡುಕಿಕೊಂಡು ಹೋಗಲಿಲ್ಲ. 1991ರಲ್ಲಿ ತಾವೇ ಸೇರಿ ಸಹಕಾರ ಸಂಘ ಕಟ್ಟಿದರು. ಆರು ಬಸ್ಸುಗಳಿಂದ ಶುರುವಾದದ್ದು ಮುಂದೆ ಎಪ್ಪತ್ತನ್ನೂ ದಾಟಿತು. ಸಹಕಾರ ಎಂಬುದು ಕನ್ನಡ ನಾಡಿಗೆ ಹೊಸದೇನಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಹುಟ್ಟಿತ್ತು. ಆದರೆ ಅದು ರೈತರಿಗೆ ಸಾಲ ಕೊಡುವ ಸಂಘ. ದುಡಿಯುವವರೇ ಒಡೆಯರಾಗಿ ಬಸ್ಸು ಓಡಿಸುವುದು ಬೇರೆಯದೇ ಮಾತು.

ಹೇಗೆಂದರೆ, ಘಾಟಿಯಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಬಸ್ಸನ್ನು ಇಳಿಸುವುದು ಚಾಲಕನಿಗೆ ಗೊತ್ತು. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವುದು ಮೆಕ್ಯಾನಿಕ್‌ಗೆ ಗೊತ್ತು. ಸಭೆಯಲ್ಲಿ ಕೂತು, ತನ್ನ ಸಂಬಳ ಹೆಚ್ಚಬೇಕೋ ಹೊಸ ಟಯರು ಬರಬೇಕೋ ಎಂದು ತಾನೇ ತೀರ್ಮಾನಿಸುವುದನ್ನು ಅವರಿಗೆ ಯಾರು ಕಲಿಸಿದ್ದರು? ಸಹಕಾರ ಸಂಘದಲ್ಲಿ ಒಬ್ಬನಿಗೆ ಒಂದೇ ಮತ. ಹೆಚ್ಚು ಷೇರಿದ್ದರೂ ಅಷ್ಟೇ. ಲೆಕ್ಕ ತಪ್ಪಿದರೆ, ಬಸ್ಸು ಕೆಟ್ಟು ನಿಂತರೆ, ಬೈಯಲು ಧಣಿಯೇ ಇಲ್ಲ! ನಿರ್ವಾಹಕ ಚಾಲಕನ ಮೇಲೆ ಸಿಡುಕಿದರೆ ಅದು ಪಾಲುದಾರನ ಮೇಲೆ ಸಿಡುಕಿದಂತೆ.

ನಮ್ಮ ಶಾಲೆಗಳಲ್ಲಿ ‘ಗುಂಪು ಚಟುವಟಿಕೆ’ ಎಂದು ಒಂದಿದೆ. ಐವರಲ್ಲಿ ಒಬ್ಬಳು ಚಾರ್ಟು ಬರೆಯುತ್ತಾಳೆ, ಉಳಿದ ನಾಲ್ವರು ಹೆಸರು ಬರೆಯುತ್ತಾರೆ. ಮಾದರಿಯನ್ನು ಅಪ್ಪನೇ ಮನೆಯಲ್ಲಿ ಅಂಟಿಸಿಕೊಡುವುದೂ ಉಂಟು. ಅಂಕವೇನೋ ಎಲ್ಲರಿಗೂ ಸಿಗುತ್ತದೆ. ಆದರೆ ಕೆಲಸ ಹಂಚಿಕೊಳ್ಳುವುದು, ಒಪ್ಪದ ಮಾತನ್ನು ಜಗಳವಾಡದೆ ಹೇಳುವುದು, ಸೋತ ಮತವನ್ನೂ ನಡೆಸಿಕೊಡುವುದು — ಇವನ್ನು ಕಲಿಯುವ ಪೀರಿಯಡ್ಡು ಅದೊಂದೇ ಆಗಿತ್ತಲ್ಲ! ಕೊಪ್ಪದ ಕಾರ್ಮಿಕರು ಆ ಪಾಠವನ್ನು ನಡುವಯಸ್ಸಿನಲ್ಲಿ, ಹೊಟ್ಟೆಪಾಡನ್ನೇ ಒತ್ತೆಯಿಟ್ಟು ಕಲಿಯಬೇಕಾಯಿತು.

ಈ ನಡುವೆ ಯಂತ್ರಗಳೂ ಸುಮ್ಮನಿರಲಿಲ್ಲ. ಟಿಕೆಟ್ ಪುಸ್ತಕ, ಪಂಚಿನ ಜಾಗಕ್ಕೆ ಬಸ್ಸುಗಳಲ್ಲಿ ಕೈಯಂತ್ರ ಬಂತು. ಏಪ್ರಿಲ್ 2017ರಿಂದ ದೇಶದಾದ್ಯಂತ ಹೊಸ ವಾಹನಗಳಿಗೆ ಬಿಎಸ್-4 ನಿಯಮ ಕಡ್ಡಾಯವಾಯಿತು. ಡೀಸೆಲ್ ಎಷ್ಟು, ಯಾವಾಗ ಚಿಮ್ಮಬೇಕು ಎಂಬುದನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ನಿರ್ಧರಿಸುವ ಎಂಜಿನ್ನುಗಳು ಹೆಚ್ಚಿದವು. ಅವಕ್ಕೆ ಕಿವಿಯೊಂದೇ ಸಾಲದು, ರೋಗ ಹೇಳುವ ಉಪಕರಣವೂ ಬೇಕು. ಹಿರಿಯ ಮೆಕ್ಯಾನಿಕ್ ‘ನನಗಿದು ಬಾರದು’ ಎಂದು ನಾಚದೆ ಹೇಳಬೇಕು. ನಿನ್ನೆ ಬಂದ ಹುಡುಗ ಗರ್ವಪಡದೆ ತೋರಿಸಿಕೊಡಬೇಕು. ಯಾವುದೇ ಗ್ಯಾರೇಜಿನಲ್ಲಿ ಈ ಎರಡು ವಾಕ್ಯಗಳು ಉಪಕರಣಕ್ಕಿಂತ ದುಬಾರಿ.

ಹಾಗಾದರೆ ಸಹಕಾರ ಸಾರಿಗೆ ಉಳಿಯಿತೇ? ಇಲ್ಲ. ಫೆಬ್ರುವರಿ 2020ರಲ್ಲಿ ಅದರ ಬಸ್ಸುಗಳು ನಿಂತವು. ಡೀಸೆಲ್ ದರ, ತೆರಿಗೆ, ಏರುತ್ತಲೇ ಹೋದ ನಷ್ಟ ಎಂದು ಕಾರಣಗಳು ಕೇಳಿಬಂದವು. ಮನೆಮನೆಗೂ ಬೈಕು, ಕಾರು ಬಂದದ್ದನ್ನೂ ಮರೆಯುವಂತಿಲ್ಲ. ಒಗ್ಗಟ್ಟಿದ್ದರೆ ಎಲ್ಲವನ್ನೂ ಗೆಲ್ಲಬಹುದು ಎಂದು ಭಾಷಣದಲ್ಲಿ ಹೇಳುವುದು ಸುಲಭ. ಖಾಲಿ ಸೀಟುಗಳು ಭಾಷಣ ಕೇಳುವುದಿಲ್ಲ. ಆದರೂ ಧಣಿಯಿಲ್ಲದ ಸಂಸ್ಥೆಯೊಂದು 29 ವರ್ಷ ಬೆಳಗಿನ ಮೊದಲ ಬಸ್ಸನ್ನು ಹೊರಡಿಸಿತು ಎಂಬುದು ಸಣ್ಣ ಮಾತಲ್ಲ.

ಮರುತಿಂಗಳೇ ಕೊರೋನಾ ಬಂದು ಶಾಲೆಗಳೂ ಮುಚ್ಚಿದವು. ಮತ್ತೆ ಬಾಗಿಲು ತೆರೆದಾಗ ಮಕ್ಕಳು ಬೇರೆ ಬಸ್ಸುಗಳ ವೇಳೆ ಕೇಳಿಕೊಂಡು ಹೊರಟರು.