ಲಿಫ್ಟ್ ಎಷ್ಟು ಅಂತ ಕೇಳಿದ್ರಿ, ಸದ್ದು ಕೇಳಲಿಲ್ಲ

1/4

ಹೋದ ವಾರ ಹಾಕಿದ ಜೀಪ್ ಫೋಟೋ ಕೆಳಗೆ ಬಂದಿದ್ದು ಒಂದೇ ಪ್ರಶ್ನೆ: "ಎಷ್ಟು ಇಂಚು ಲಿಫ್ಟ್?" ಸುಮಾರು 3. ಫೋಟೋದಲ್ಲಿ ಸದ್ದು ಬರಲ್ಲ ನೋಡಿ, ಹಾಗಾಗಿ ಆ 3 ಇಂಚಿನ ಇನ್ನೊಂದು ಕಥೆ ನಿಮಗೆ ಗೊತ್ತಾಗಲಿಲ್ಲ. ಈ ಸಲದ ನಾಲ್ಕು ಪೋಸ್ಟ್ ಅದಕ್ಕೇ.

ನಮ್ಮದು ಮಹೀಂದ್ರಾ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್ ಇಲ್ಲ, ಮುಂದೆ ಹಿಂದೆ ಎರಡೂ ಕಡೆ ಪ್ಲೇಟ್ ಸೆಟ್. ಅಪ್ಪ ತಗೊಳ್ಳೋ ಹೊತ್ತಿಗೇ ಎತ್ತರ ಮಾಡಿಸಿದ್ದ ಗಾಡಿ ಇದು. ಹಿಂದಿನ ಓನರ್‌ಗೆ ಆಫ್‌ರೋಡ್ ಹುಚ್ಚು. ಪ್ಲೇಟ್ ಸೆಟ್‌ಗೆ ಎರಡು ಪ್ಲೇಟ್ ಜಾಸ್ತಿ ಸೇರಿಸಿ, ಉದ್ದದ ಶ್ಯಾಕಲ್ ಹಾಕಿಸಿದ್ದರು. ನಮಗೆ ಶೋಕಿ ಏನಿಲ್ಲ. ಮೂಡಿಗೆರೆ ಕಡೆಯವರಿಗೆ ಗೊತ್ತಿರುತ್ತೆ, ಟಾರ್ ಮುಗಿದ ಮೇಲೆ ಮನೆ ತನಕ ಇರೋ ಎರಡು ಕಿಲೋಮೀಟರ್ ಮಳೆಗಾಲದಲ್ಲಿ ರಸ್ತೆ ಅಲ್ಲ, ಹಳ್ಳ. ಎತ್ತರದ ಜೀಪ್ ಇದ್ರೆ ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದು, ಇಲ್ಲದಿದ್ರೆ ಇಲ್ಲ. ಅಜ್ಜಿಯ ಕಣ್ಣಿಗೆ ಮಂಗಳೂರಲ್ಲಿ ಚಿಕಿತ್ಸೆ. ಅಂದ್ರೆ ಪ್ರತಿ ಸಲ ಚಾರ್ಮಾಡಿ ಘಾಟಿ ಇಳಿಯೋದು, ಹತ್ತೋದು.

ಮಾರ್ಚ್‌ನಿಂದ ಮುಂದುಗಡೆ "ಟಕ್" ಅಂತ ಒಂದು ಸದ್ದು ಶುರುವಾಯ್ತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ, ಒಂದೇ ಸಲ, ಗಟ್ಟಿಯಾಗಿ. ನನಗೆ ಕೇಳ್ತಿತ್ತು. ಅಮ್ಮನಿಗೂ ಕೇಳ್ತಿತ್ತು. ಅಪ್ಪನಿಗೆ ಮಾತ್ರ ಕೇಳ್ತಿರಲಿಲ್ಲ. "ಜೀಪ್ ಅಂದ್ಮೇಲೆ ಸದ್ದು ಇರುತ್ತೆ ಮಗಾ, ಕಾರಲ್ವಲ್ಲ" ಅಂತಿದ್ರು. ಇಪ್ಪತ್ತೈದು ವರ್ಷ ಡೀಸೆಲ್ ಗಾಡಿ ಓಡಿಸಿದ ಕಿವಿ. ಟಿವಿ ಸೌಂಡ್ ವರ್ಷ ವರ್ಷ ಏರ್ತಾ ಇರೋದು ಮನೆಯವರೆಲ್ಲರಿಗೂ ಗೊತ್ತು, ಆದರೆ ಅಪ್ಪನ ಎದುರಿಗೆ ಯಾರೂ ಆ ಮಾತು ಎತ್ತಲ್ಲ.

ಅಮ್ಮನ ಒತ್ತಾಯಕ್ಕೆ ಗ್ಯಾರೇಜಿಗೆ ಹೋಗಿದ್ದೂ ಆಯ್ತು. ಮೊದಲ ಸಲ ಶ್ಯಾಕಲ್ ಬುಷ್, 1,400. ಎರಡನೇ ಸಲ ಟೈ ರಾಡ್ ಎಂಡ್, 2,600. ಮೂರನೇ ಸಲ ಎಂಜಿನ್ ಮೌಂಟಿಂಗ್, 1,100. ಒಟ್ಟು 5,100 ರೂಪಾಯಿ ಹೋಯ್ತು, ಸದ್ದು ಅಲ್ಲೇ ಇತ್ತು. ಕಾಸ್ಟ್ ಅಕೌಂಟಿಂಗ್ ಓದೋಳ ಮನೇಲಿ ಹೀಗಾಗ್ತಿದ್ರೆ ಹೊಟ್ಟೆ ಉರಿಯಲ್ವಾ ಹೇಳಿ. ಮೆಕ್ಯಾನಿಕ್ ಅಣ್ಣನ ತಪ್ಪು ಅಂತ ಪೂರ್ತಿ ಹೇಳಲ್ಲ. ಆ ಮೂರೂ ಸವೆದಿದ್ದವೇ. ಆದರೆ ಸವೆದಿದ್ದೆಲ್ಲ ಸದ್ದು ಮಾಡಲ್ಲ. ಆ ಸದ್ದು ಯಾವಾಗ ಬರುತ್ತೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಹೇಳೋಕೆ ಹೋದ್ರೆ, "ತಂಗಿ, ನೀನು ಅಲ್ಲಿ ಕೂತ್ಕೋ".

2/4

ನಿಮ್ಮ ಗಾಡಿಗೂ ಹೀಗಾದ್ರೆ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ನಿಜವಾಗ್ಲೂ. ಸದ್ದು ಬಂದಾಗೆಲ್ಲ ಬರೆಯಿರಿ: ಸ್ಪೀಡ್ ಎಷ್ಟಿತ್ತು, ಸ್ಟೀರಿಂಗ್ ತಿರುಗಿಸ್ತಿದ್ರಾ, ಬ್ರೇಕ್ ಮೇಲೆ ಕಾಲಿತ್ತಾ, ಫೋರ್ ವೀಲ್ ಹಾಕಿತ್ತಾ, ಚಕ್ರ ಗುಂಡಿಗೆ ಇಳೀತಿತ್ತಾ ಅಥವಾ ಕಲ್ಲು ಹತ್ತುತ್ತಿತ್ತಾ. ಕೊನೇ ಪ್ರಶ್ನೆ ಬಹಳ ಮುಖ್ಯ, ಅದಕ್ಕೆ ಆಮೇಲೆ ಬರ್ತೀನಿ.

ಆದರೆ ಯಾವ ಸದ್ದೇ ಇರಲಿ, ಮೊದಲು ನೋಡಬೇಕಾದ್ದು ಸ್ಟೀರಿಂಗ್. ಬೇರೆ ಏನು ಸಡಿಲ ಇದ್ರೂ ಮನೆ ಸೇರಬಹುದು, ಡ್ರ್ಯಾಗ್ ಲಿಂಕ್ ಕಳಚಿಕೊಂಡ್ರೆ ಘಾಟಿ ತಿರುವಿನಲ್ಲಿ ಏನಾಗುತ್ತೆ ಅಂತ ನಾನು ಹೇಳೋದು ಬೇಡ.

ಗಾಡಿ ಸಮ ನೆಲದ ಮೇಲೆ, ಎಂಜಿನ್ ಆಫ್. ಒಬ್ಬರು ಒಳಗೆ ಕೂತು ಸ್ಟೀರಿಂಗ್‌ನ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಇರಬೇಕು. ಇನ್ನೊಬ್ಬರು ಬಗ್ಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಬೇಕು: ಸ್ಟೀರಿಂಗ್ ಬಾಕ್ಸ್ ಬೋಲ್ಟ್, ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಟೈ ರಾಡ್‌ನ ಎರಡು ತುದಿ. ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ತಡವಾಗಿ ಅಲ್ಲಾಡಿದ್ರೆ ಬೆರಳಿಗೆ ಗೊತ್ತಾಗುತ್ತೆ. ಅಮ್ಮ ಸ್ಟೀರಿಂಗ್ ಹಿಡಿದ್ರು, ನಾನು ಕೆಳಗೆ. (ಅಮ್ಮ ಡ್ರೈವಿಂಗ್ ಸೀಟಲ್ಲಿ ಕೂತಿದ್ದು ಅದೇ ಮೊದಲು. ಫೋಟೋ 3 ನೋಡಿ, ಆ ಮುಖ!)

ಆಮೇಲೆ ಚಕ್ರ ಎತ್ತಿ ನೋಡೋದು. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ ಮಾರಾಯ್ರೆ, ಇದು ದಮ್ಮಯ್ಯ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ರೆ ಯಾರಿಗಾದ್ರೂ ಬ್ರೇಕ್ ಒತ್ತಿ ಹಿಡ್ಕೊಳ್ಳೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಹೋದ್ರೆ ವೀಲ್ ಬೇರಿಂಗ್, ಹೋಗದಿದ್ರೆ ಕಿಂಗ್‌ಪಿನ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಬಂದ್ರೆ ಟೈ ರಾಡ್ ಕಡೆ ನೋಡಿ.

ನಮ್ಮ ಗಾಡಿಯಲ್ಲಿ ಇದೆಲ್ಲ ಗಟ್ಟಿ ಇತ್ತು. ಯೂ ಬೋಲ್ಟ್ ಕೂಡ ಬಿಗಿ. ಯೂ ಬೋಲ್ಟ್ ಸಡಿಲಾಗಿದ್ರೆ ಎಕ್ಸೆಲ್ ಸರಿದ ಜಾಗದಲ್ಲಿ ತುಕ್ಕು ಉಜ್ಜಿ ಹೋಗಿ ಹೊಳೆಯೋ ಗೆರೆ ಬಿದ್ದಿರುತ್ತೆ, ಅದೂ ಇರಲಿಲ್ಲ.

ಇನ್ನೊಂದು ಮಾತು, ಉದ್ದ ಶ್ಯಾಕಲ್ ಹಾಕಿದವರಿಗೆ. ಮುಂದುಗಡೆ ಹಾಗೆ ಎತ್ತಿದಾಗ ಎಕ್ಸೆಲ್ ಸ್ವಲ್ಪ ತಿರುಗುತ್ತೆ, ಕ್ಯಾಸ್ಟರ್ ಕಮ್ಮಿಯಾಗುತ್ತೆ. ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋದು ಕಮ್ಮಿಯಾಗಿ ಗಾಡಿ ರಸ್ತೆ ತುಂಬ ಅಲೆಯುತ್ತೆ. ಅದು ಬೇರೆ ಕಾಯಿಲೆ. ಸದ್ದಿನ ಜೊತೆ ಸೇರಿಸಿ ತಲೆ ಕೆಡಿಸ್ಕೋಬೇಡಿ.

3/4

ಹತ್ತು ದಿನ ಬರೆದ ನೋಟ್‌ಬುಕ್ ತೆಗೆದು ನೋಡಿದ್ರೆ ಒಂದೇ ಉತ್ತರ: ಚಕ್ರ ಗುಂಡಿಗೆ ಇಳಿಯುವಾಗ ಮಾತ್ರ. ಹತ್ತುವಾಗ ಇಲ್ಲ, ತಿರುಗುವಾಗ ಇಲ್ಲ, ಬ್ರೇಕ್‌ಗೂ ಸಂಬಂಧ ಇಲ್ಲ. ಫೋನ್‌ನ ಬಂಪರ್ ಕೆಳಗೆ ಕಟ್ಟಿ ಸ್ಲೋ ಮೋಷನ್ ವಿಡಿಯೋ ತೆಗೆದೆ (ಸ್ವೈಪ್ ಮಾಡಿ). ಚಕ್ರ ಕೆಳಗೆ ಜೋತು ಬೀಳುತ್ತೆ, ಕೊನೇ ಕ್ಷಣದಲ್ಲಿ ಏನೋ ಅದನ್ನ ತಡೆದು ನಿಲ್ಲಿಸುತ್ತೆ. ಟಕ್.

ತಡೀತಿದ್ದದ್ದು ಶಾಕ್ ಅಬ್ಸಾರ್ಬರ್. ಗಾಡಿ 3 ಇಂಚು ಎತ್ತರ ಮಾಡಿದವರು ಶಾಕ್ ಮಾತ್ರ ಹಳೇ ಅಳತೆಯದ್ದೇ ಬಿಟ್ಟಿದ್ದರು. ಟೇಪ್ ಹಿಡಿದು ಅಳೆದೆ. ಗಾಡಿ ಸುಮ್ನೆ ನಿಂತಾಗ ಶಾಕ್‌ನ ಮೇಲಿನ ಕಣ್ಣಿಂದ ಕೆಳಗಿನ ಕಣ್ಣಿಗೆ 17 ಇಂಚು. ಅದು ಪೂರ್ತಿ ಬಿಚ್ಚಿಕೊಂಡ್ರೆ 18. ಅಂದ್ರೆ ಚಕ್ರ ಕೆಳಗಿಳಿಯೋಕೆ ಉಳಿದಿದ್ದು ಒಂದೇ ಇಂಚು. ನಮ್ಮೂರ ರಸ್ತೆಯಲ್ಲಿ ಒಂದು ಇಂಚಿನ ಗುಂಡಿಗೆ ಗುಂಡಿ ಅಂತ ಹೆಸರೂ ಇಲ್ಲ. ಹಗ್ಗ ಮುಗಿದ ಜಾಗದಲ್ಲಿ ಕಟ್ಟಿದ ನಾಯಿ ಎಳ್ಕೊಂಡು ನಿಲ್ಲಲ್ವಾ, ಹಾಗೆ ಪ್ರತಿ ಗುಂಡಿಗೂ ಶಾಕ್ ಪೂರ್ತಿ ಬಿಚ್ಚಿಕೊಂಡು ಒಳಗೇ ಬಡೀತಿತ್ತು.

ಇದನ್ನ ಅಪ್ಪನಿಗೆ ಹೇಗೆ ಹೇಳೋದು? ಕೇಳಿಸ್ಕೊಳ್ಳಿ ಅನ್ನೋಕೆ ಆಗಲ್ಲ. ಒಂದು ಸಂಜೆ ನಾನೇ ಓಡಿಸ್ತೀನಿ ಅಂದೆ, ಅಪ್ಪನ್ನ ಪಕ್ಕದ ಸೀಟಲ್ಲಿ ಕೂರಿಸಿದೆ. "ಚಪ್ಪಲಿ ಬಿಟ್ಟು ಬರಿಗಾಲು ತಗಡಿನ ಮೇಲೆ ಇಡಿ." ಯಾಕೆ ಅಂತ ಕೇಳಲಿಲ್ಲ, ಇಟ್ಟರು. ಕಣದ ಹತ್ತಿರದ ಚರಂಡಿಗೆ ಮೆಲ್ಲಗೆ ಇಳಿಸಿದೆ. ಟಕ್. ಅಪ್ಪ ಕಾಲು ನೋಡ್ಕೊಂಡರು. ಹಿಂದೆ ತಗೊಂಡು ಮತ್ತೆ ಇಳಿಸಿದೆ. ಟಕ್. ಮೂರನೇ ಸಲ ಬೇಕಾಗಲಿಲ್ಲ.

"ಇಷ್ಟು ಜೋರಾಗಿ ಬರ್ತಿತ್ತಾ?" ಅಂದ್ರು. ಹೂಂ ಅಂದೆ. ಮನೆ ತನಕ ಇಬ್ಬರೂ ಮಾತಾಡಲಿಲ್ಲ.

4/4

ಉದ್ದ ಶಾಕ್ ತಂದು ಹಾಕಿದ್ರೆ ಮುಗೀತು ಅಂತ ನಿಮಗೆ ಈಗ ಅನಿಸಿರುತ್ತೆ. ಅಂಗಡಿಯವರೂ ಅದೇ ಹೇಳಿದ್ರು. ಶಾಕ್ ಬಿಚ್ಚಿಟ್ಟು ಓಡಿಸಿ, ಸದ್ದು ನಿಂತ್ರೆ ಖಾತ್ರಿ ಮಾಡ್ಕೊಳ್ಳಿ ಅಂತಲೂ ಕೆಲವರು ಹೇಳ್ತಾರೆ. ತಡೀರಿ.

ಭಾನುವಾರ ಅಪ್ಪ ನಾನು ಸೇರಿ ಗಾಡಿಯ ಮುಂಭಾಗ ಎತ್ತಿ, ಚಾಸಿನ ಸ್ಟ್ಯಾಂಡ್ ಮೇಲೆ ಕೂರಿಸಿ, ಎಕ್ಸೆಲ್ ಕೆಳಗೆ ಜಾಕ್ ಕೊಟ್ಟು ಶಾಕ್‌ಗಳ ಕೆಳಗಿನ ನಟ್ ಬಿಚ್ಚಿದ್ವಿ. ಆಮೇಲೆ ಜಾಕ್ ಒಂದೊಂದೇ ಸುತ್ತು ಇಳಿಸಿದ್ವಿ. ಎಕ್ಸೆಲ್ ಇನ್ನೂ ಎರಡು ಬೆರಳಷ್ಟು ಕೆಳಗೆ ಬಂತು. ಆಗ ಅಪ್ಪ "ನಿಲ್ಸು ನಿಲ್ಸು" ಅಂತ ಕೂಗಿದರು. ಚಾಸಿಯಿಂದ ಎಕ್ಸೆಲ್‌ಗೆ ಬರೋ ಬ್ರೇಕ್ ಹೋಸ್ ಇದೆಯಲ್ಲ, ರಬ್ಬರಿನದು, ಅದು ತಂತಿ ಹಾಗೆ ಬಿಗಿದು ನಿಂತಿತ್ತು. ಅದೂ ಹಳೇ ಅಳತೆಯದ್ದೇ. ತುದಿಯಲ್ಲಿ ರಬ್ಬರ್ ಸಣ್ಣಗೆ ಬಿರುಕು ಬಿಟ್ಟಿತ್ತು.

ಗೊತ್ತಾಯ್ತಲ್ಲ? ಇಷ್ಟು ದಿನ ಆ ಹೋಸ್ ಹರಿಯದ ಹಾಗೆ ಎಕ್ಸೆಲ್‌ನ ಹಿಡಿದು ನಿಲ್ಲಿಸ್ತಿದ್ದದ್ದು ಆ ಗಿಡ್ಡ ಶಾಕ್. ಸದ್ದು ನಿಲ್ಲಿಸ್ತೀನಿ ಅಂತ ಬರೀ ಉದ್ದ ಶಾಕ್ ಹಾಕಿದ್ದಿದ್ರೆ ಗಾಡಿ ನಿಶ್ಶಬ್ದವಾಗಿ ಓಡ್ತಿತ್ತು. ಯಾವುದೋ ಒಂದು ದೊಡ್ಡ ಗುಂಡಿಯಲ್ಲಿ ಹೋಸ್ ಕಿತ್ತು ಬರ್ತಿತ್ತು, ಕಡಿಮೆ ಅಂದ್ರೂ ಮುಂದಿನ ಬ್ರೇಕ್ ಹೋಗ್ತಿತ್ತು. ಹಿಂದಿನ ಸೀಟಲ್ಲಿ ಅಜ್ಜಿ ಇರ್ತಿದ್ರು.

ಹಾಗಾಗಿ ಮೊದಲು ಉದ್ದದ ಹೋಸ್, ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಸಿದ್ದು. ಎಕ್ಸೆಲ್ ಪೂರ್ತಿ ಜೋತು ಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಕೊನೆ ತನಕ ತಿರುಗಿಸಿ, ಹೋಸ್ ಎಲ್ಲೂ ಎಳೆಯಲ್ಲ, ಟೈರಿಗೆ ಉಜ್ಜಲ್ಲ ಅಂತ ನೋಡಿದ್ಮೇಲೆ ಶಾಕ್. ಶಾಕ್ ತಗೊಳ್ಳುವಾಗ ಬಿಚ್ಚಿದ ಉದ್ದ ಒಂದೇ ಕೇಳಬೇಡಿ, ಮಡಿಚಿದ ಉದ್ದವನ್ನೂ ಕೇಳಿ. ಅದು ಜಾಸ್ತಿ ಇದ್ರೆ ಎಕ್ಸೆಲ್ ಬಂಪ್ ಸ್ಟಾಪ್ ರಬ್ಬರಿಗೆ ತಾಗೋ ಮೊದಲೇ ಶಾಕ್ ಕುಸಿದು ಮುಗಿದು, ಈಗ ಗುಂಡಿ ಹತ್ತುವಾಗ ಬಡಿಯೋಕೆ ಶುರುವಾಗುತ್ತೆ. ಶಾಕ್ ಜೋಡಿ 3,900, ಹೋಸ್ ಮತ್ತು ಆಯಿಲ್ 1,050. ಒಟ್ಟು 4,950. ಮೊದಲ ಮೂರು ಬಿಲ್‌ಗಿಂತ 150 ಕಮ್ಮಿ.

ಲಿಫ್ಟ್ ಮಾಡಿಸ್ತೀನಿ ಅಂತ ಮೆಸೇಜ್ ಮಾಡಿದವರಿಗೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮಳೆ ಮುಗಿದ ಮೇಲೆ ಹಳೇ ಶ್ಯಾಕಲ್ ಹಾಕಿ ಗಾಡಿ ಇಳಿಸೋದು ಅಂತ ನಮ್ಮನೇಲೂ ಮಾತಾಗಿದೆ. ಆಗ ಶಾಕ್ ಮತ್ತೆ ಅಳೀಬೇಕು, ಅದು ಇನ್ನೊಂದು ಖರ್ಚು.

ಜೂನ್ ಮೊದಲ ವಾರ ಅಜ್ಜಿ ಜೊತೆ ಘಾಟಿ ಇಳಿದು ಬಂದ್ವಿ. ಮಂಗಳೂರಲ್ಲಿ ಅಜ್ಜಿ ಕಣ್ಣಿನ ಡಾಕ್ಟರ್ ಹತ್ರ ಇದ್ದಾಗ, ಅದೇ ಆಸ್ಪತ್ರೆಯ ಕಿವಿ ವಿಭಾಗದ ಬೋರ್ಡ್ ಎದುರಿಗೆ ಅಪ್ಪ ಸ್ವಲ್ಪ ಹೊತ್ತು ನಿಂತಿದ್ದರು. ಚೀಟಿ ಮಾಡಿಸ್ಲಾ ಅಂದೆ. "ಮುಂದಿನ ಸಲ ನೋಡಣ" ಅಂದ್ರು. ಮುಂದಿನ ಸಲ ಅಂದ್ರೆ ಜುಲೈ 14. ಈಗ ಬೆಳಗ್ಗೆ ಜೀಪ್ ಸ್ಟಾರ್ಟ್ ಮಾಡಿ ಮೊದಲ ಚರಂಡಿ ದಾಟಿದ ಕೂಡಲೇ ನನ್ನ ಕಡೆ ತಿರುಗಿ "ಇದ್ಯಾ?" ಅಂತಾರೆ. ಇಲ್ಲ ಅಂತೀನಿ. ಸೆಕೆಂಡ್ ಗೇರ್ ಹಾಕ್ತಾರೆ.