ಎರಡು ಮುಕ್ತಾಯಗಳ ಪ್ರಬಂಧ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಕುರಿತು ಬರೆಯಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಪುಣೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನು ಬಂದುಹೋದ ಮೇಲೆ ಬೇರೆ ವಿಷಯ ಹೊಳೆಯಲೇ ಇಲ್ಲ.

ಅದು 2003ರ ಬರಗಾಲ. ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ನಾನು ಮುಖ್ಯಾಧ್ಯಾಪಕನಾಗಿದ್ದೆ. ಎಂಟನೆಯ ತರಗತಿಗೆ ‘ನಮ್ಮೂರಿಗೆ ಮಳೆ ಬಂದ ದಿನ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಈ ಹುಡುಗ ಅದಕ್ಕೆ ಎರಡು ಮುಕ್ತಾಯ ಬರೆದು ತಂದ. ಒಂದರಲ್ಲಿ ಮಳೆ ಬಂದು ತಂದೆ ಜೋಳ ಬಿತ್ತುತ್ತಾನೆ. ಇನ್ನೊಂದರಲ್ಲಿ ಮಳೆ ಬಾರದೆ ಮನೆಯವರೆಲ್ಲ ಕಬ್ಬು ಕಡಿಯಲು ಊರು ಬಿಡುತ್ತಾರೆ. “ಪ್ರಬಂಧಕ್ಕೆ ಮುಕ್ತಾಯ ಒಂದೇ ಇರಬೇಕು” ಎಂದು ಎರಡನೆಯದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. “ಸರ, ಎರಡೂ ಆಗಬಹುದಲ್ಲರೀ?” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ದೀಪಾವಳಿ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮನೆಯವರೊಂದಿಗೆ ಕಬ್ಬು ಕಡಿಯಲು ಹೋಗಿದ್ದ.

ಈಗ ಅವನ ವೃತ್ತಿ ವೀಡಿಯೊ ಗೇಮ್‌ಗಳಿಗೆ ಕಥೆ ಬರೆಯುವುದು. ಆಟಕ್ಕೆ ಕಥೆ ಏಕೆಂದು ಕೇಳಿದೆ. ಅವನು ಸಮಾಧಾನದಿಂದ ವಿವರಿಸಿದ. ಆಟವಾಡುವವನು ಬಾವಿಯ ದಾರಿ ಹಿಡಿಯಬಹುದು, ಗುಡ್ಡದ ದಾರಿಯನ್ನೂ ಹಿಡಿಯಬಹುದು. ಕಾವಲುಗಾರನನ್ನು ಮೊದಲೇ ಮಾತಾಡಿಸಿದ್ದರೆ ಆ ಕಾವಲುಗಾರನ ಮಾತು ಒಂದು, ಮಾತಾಡಿಸದಿದ್ದರೆ ಇನ್ನೊಂದು. ಪ್ರತಿ ಆಯ್ಕೆಗೂ ಬೇರೆ ಸಂಭಾಷಣೆ ಬರೆದಿಡಬೇಕು. ಆಡುವವನು ಅದರಲ್ಲಿ ಅರ್ಧವನ್ನೂ ಕೇಳದೆ ಹೋಗಬಹುದು. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ಕೇಳುವ ಪ್ರಶ್ನೆಗೆ ತಕ್ಕಂತೆ ಪಾತ್ರಧಾರಿಗಳು ಆ ಹೊತ್ತಿಗೆ ಮಾತು ಬೆಳೆಸುತ್ತಾರಲ್ಲವೆ? ಇಲ್ಲಿ ಅಂಥ ಮಾತುಗಳನ್ನೆಲ್ಲ ಮುಂಚಿತವಾಗಿಯೇ ಬರೆದಿಡಬೇಕು ಎಂದು ನಾನು ಅರ್ಥಮಾಡಿಕೊಂಡೆ.

ಈ ಕೆಲಸ ನಮಗೆ ತೀರ ದೂರದ್ದೂ ಅಲ್ಲ. ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿಯ ಕಥೆಯನ್ನು ದುರ್ಗೆ ಮತ್ತು ವಿಷ್ಣುವಿನ ಮಾತುಕತೆಯ ಮೂಲಕ ಹೇಳುವ ‘ರಾಜಿ’ ಎಂಬ ಆಟವು 2020ರಲ್ಲಿ ಪುಣೆಯಲ್ಲೇ ಸಿದ್ಧವಾಗಿ ಜಗತ್ತಿಗೆ ಹೋಯಿತಂತೆ. ಎಸ್ಟೋನಿಯಾ ಎಂಬ ಪುಟ್ಟ ದೇಶದ ರಾಬರ್ಟ್ ಕುರ್ವಿಟ್ಜ್ ಎಂಬ ಲೇಖಕರ ವಿಷಯವನ್ನೂ ಹೇಳಿದ. 2013ರಲ್ಲಿ ತಮ್ಮ ತಾಯ್ನುಡಿಯಲ್ಲಿ ಅವರು ಬರೆದ ಕಾದಂಬರಿಯನ್ನು ಕೊಂಡವರು ಕಡಿಮೆ. ಅದೇ ಕಲ್ಪನಾಲೋಕವನ್ನು ಆಧರಿಸಿ, ಸಂಗಡಿಗರೊಂದಿಗೆ ಇಂಗ್ಲಿಷಿನಲ್ಲಿ ರಚಿಸಿದ ‘ಡಿಸ್ಕೊ ಎಲಿಸಿಯಮ್’ ಆಟ 2019ರಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆಯಂತೆ. ಕನ್ನಡಕ್ಕಿಂತ ಎಷ್ಟೋ ಚಿಕ್ಕ ಭಾಷೆಯಿಂದ ಬಂದವರ ಸಾಧನೆಯೆಂದು ಸಂತೋಷಪಟ್ಟೆ. ಅದಕ್ಕಾಗಿ ಅವರು ತಾಯ್ನುಡಿಯ ಹೊರಗೆ ಬರೆಯಬೇಕಾಯಿತೆಂಬುದು ಮನಸ್ಸನ್ನು ಚುಚ್ಚಿತು. ನನ್ನ ವಿದ್ಯಾರ್ಥಿಯೂ ಹಗಲೆಲ್ಲ ಇಂಗ್ಲಿಷಿನಲ್ಲಿಯೇ ಬರೆಯುತ್ತಾನೆ.

ಆದರೆ ರಾತ್ರಿ ಅವನು ಕನ್ನಡದಲ್ಲಿ ತನ್ನದೇ ಸಣ್ಣ ಆಟವೊಂದನ್ನು ಕಟ್ಟುತ್ತಿದ್ದಾನೆ. ನೀರು ತರಲು ಹೊರಟ ಹುಡುಗಿಯೊಬ್ಬಳ ಕಥೆ ಅದು. ಅದಕ್ಕಾಗಿಯೇ ನನ್ನನ್ನು ಹುಡುಕಿಕೊಂಡು ಬಂದಿದ್ದ. ಆಡುವವರು ತಮ್ಮ ಹೆಸರು ಕೊಡುತ್ತಾರೆ. ಯಂತ್ರ ಆ ಹೆಸರನ್ನು ವಾಕ್ಯದೊಳಗೆ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ರಾಮನಿಗೆ, ಸೀತೆಗೆ, ಗುರುವಿಗೆ ಎಂದು ಹೆಸರಿನೊಂದಿಗೆ ಪ್ರತ್ಯಯದ ರೂಪವೂ ಬದಲಾಗುತ್ತದೆ; ‘ಬಂದನು’, ‘ಬಂದಳು’ ಎಂದು ಕ್ರಿಯಾಪದವೂ ಬೇರೆಯಾಗುತ್ತದೆ. “ವಿಭಕ್ತಿ ಕಲಿಸಿದವರು ನೀವೇ, ಈಗ ದಾರಿ ತೋರಿಸ್ರಿ ಸರ” ಎಂದ. ‘ರಾಮ, ಈ ಕೊಡ ನಿನಗೆ’ ಎಂದು ಹೆಸರನ್ನು ಸಂಬೋಧನೆಯಾಗಿ ಮುಂದಿಟ್ಟರೆ ಹೆಸರಿಗೆ ಪ್ರತ್ಯಯದ ಹಂಗಿಲ್ಲ, ಗಂಡು ಹೆಣ್ಣೆಂಬ ತೊಡಕೂ ಇಲ್ಲ ಎಂದೆ. ಇಬ್ಬರೂ ಸಂಜೆಯವರೆಗೆ ಕುಳಿತು ನಲವತ್ತು ವಾಕ್ಯಗಳನ್ನು ತಿದ್ದಿದೆವು. ನಿವೃತ್ತನಾದ ಮೇಲೆ ಅಷ್ಟು ಒಳ್ಳೆಯ ದಿನ ನನಗೆ ಸಿಕ್ಕಿರಲಿಲ್ಲ.

ಈ ವೃತ್ತಿ ಹೂವಿನ ಹಾಸಿಗೆಯೆಂದು ಪಾಲಕರಿಗೆ ನಾನು ಹೇಳಲಾರೆ. 2023ರಿಂದೀಚೆಗೆ ಈ ಉದ್ಯಮದ ದೊಡ್ಡ ಕಂಪನಿಗಳೇ ಸಾವಿರಾರು ಜನರನ್ನು ಮನೆಗೆ ಕಳಿಸಿವೆ. ಇದಕ್ಕೆ ಇಂಥದೇ ಪದವಿ ಬೇಕೆಂಬ ನಿಯಮವಿಲ್ಲ. ಬರೆದು ತೋರಿಸಬೇಕು, ಅಷ್ಟೆ. ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ ಯಾರು ಬೇಕಾದರೂ ಕವಲೊಡೆಯುವ ಕಥೆಯನ್ನು ಕಟ್ಟಿ ಕಲಿಯಬಹುದು, ಕನ್ನಡದಲ್ಲಿಯೂ ಬರೆಯಬಹುದು ಎಂದು ಅವನು ಹೇಳಿದ. ನಿಮ್ಮ ಮಗು ಕಥೆ ಬರೆದು ತಂದರೆ, ತಪ್ಪು ತಿದ್ದುವ ಮೊದಲು ಒಮ್ಮೆ ಪೂರ್ತಿ ಓದಿರಿ. ನಾನು ಮಾಡದೆ ಹೋದ ಕೆಲಸ ಇಷ್ಟೇ.

ಹೊರಡುವಾಗ ಹಳೆಯ ಪ್ರಬಂಧದ ಮಾತು ತೆಗೆದು, “ಅಂದು ನನ್ನಿಂದ ತಪ್ಪಾಯಿತಪ್ಪಾ” ಎಂದೆ. ಅವನು ಕಾಲಿಗೆರಗಿ, “ಇರಲಿ ಬಿಡ್ರಿ ಸರ” ಎಂದಷ್ಟೇ ಹೇಳಿದ. ಅವನ ಆಟದಲ್ಲಿ ಹುಡುಗಿಯ ಊರಿಗೆ ಮಳೆ ಬರುತ್ತದೆಯೇ ಎಂದು ಕೇಳಿದೆ. ಎರಡು ಮುಕ್ತಾಯ ಬರೆದಿದ್ದಾನಂತೆ. ಈ ಸಲ ಎರಡನ್ನೂ ಓದಿದೆ. ಕಾಗುಣಿತದ ಒಂದು ತಪ್ಪಿತ್ತು. ಅದನ್ನು ತಿದ್ದಿ ಉಳಿದದ್ದನ್ನು ಹಾಗೆಯೇ ಬಿಟ್ಟೆ.