ಅಪ್ಪಣೆ ಕೇಳುವ ಪ್ರಿಂಟರ್

ಹರಿಹರದವರಿಗೆ ಯಂತ್ರವೆಂದರೆ ಭಯವಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಲೇತ್ ತಯಾರಿಸುತ್ತಿತ್ತು. ಎಂದರೆ ಯಂತ್ರಗಳನ್ನೇ ಹೆರುವ ಯಂತ್ರ. ಅಲ್ಲಿ ಟರ್ನರ್ ಆಗಿದ್ದ ನಮ್ಮ ಮಾವನ ಲೆಕ್ಕದಲ್ಲಿ ಯಂತ್ರಕ್ಕೆ ಬೇಕಾದದ್ದು ಮೂರೇ: ಕರೆಂಟು, ಎಣ್ಣೆ, ಮರ್ಯಾದೆ. ಎಣ್ಣೆ ಯಾವ ಅಂಗಡಿಯದೆಂದು ಲೇತ್ ವಿಚಾರಿಸುತ್ತಿರಲಿಲ್ಲ. ಅದರದೇ ಪಿನ್ನು ಸವೆದರೆ ಅದರಲ್ಲೇ ಇನ್ನೊಂದು ಕಡೆದುಕೊಂಡರಾಯಿತು.

ಮಸಿಯೂ ಆಗ ಹಾಗೇ ಇತ್ತು. ಬ್ರಿಲ್ ಆಗಲಿ ಕ್ಯಾಮೆಲ್ ಆಗಲಿ, ಪೆನ್ನು ಕುಡಿಯುತ್ತಿತ್ತು, ಬರೆಯುತ್ತಿತ್ತು, ಮನಸ್ಸು ಬಂದಾಗ ಅಂಗಿ ಜೇಬಿಗೂ ಒಂದಿಷ್ಟು ಕುಡಿಸುತ್ತಿತ್ತು. ಪರೀಕ್ಷೆಯ ನಡುವೆ ಮುಗಿದರೆ ಪಕ್ಕದವನ ಪೆನ್ನಿನಿಂದ ಡೆಸ್ಕಿನ ಮೇಲೆ ನಾಲ್ಕು ಹನಿ ಬೀಳಿಸಿಕೊಂಡು, ನಿಬ್ಬಿನಲ್ಲಿ ಹೀರಿಸಿಕೊಂಡು ಪಾಸಾದವರಿದ್ದಾರೆ. ಸಾಲ ತಂದ ಮಸಿಯೆಂದು ಅಕ್ಷರ ನಾಚಿಕೊಳ್ಳಲಿಲ್ಲ.

ಈಗ ಮಗಳ ಪ್ರಾಜೆಕ್ಟಿನ ನೆಪದಲ್ಲಿ ಮನೆಗೆ ಪ್ರಿಂಟರ್ ಬಂದಿದೆ. ಬೆಲೆ ಅಗ್ಗ, ಮಸಿಯ ಕಾರ್ಟ್ರಿಜ್ ಕೊಳ್ಳಲು ಹೋದಾಗ ಅಗ್ಗದ ಗುಟ್ಟು ತಿಳಿಯಿತು. ಕಪ್ಪಕ್ಷರದ ಪಹಣಿ ತೆಗೆಯಲು ಹೋದರೆ ಗುಲಾಬಿ ಬಣ್ಣ ಮುಗಿದಿದೆ ಎಂದು ಕೂತುಬಿಡುತ್ತದೆ. ನಮ್ಮ ಪಹಣಿಯಲ್ಲಿ ಗುಲಾಬಿಗೇನು ಕೆಲಸ? ಇರುವುದು ಎರಡೆಕರೆ ಮೆಕ್ಕೆಜೋಳ.

ದಾವಣಗೆರೆಯ ಅಂಗಡಿಯ ಹುಡುಗ ಸಿರಿಂಜಿನಲ್ಲಿ ಮಸಿ ತುಂಬಿ ಕಳಿಸಿದ. ಕಾರ್ಟ್ರಿಜ್ಜಿನ ಬೆನ್ನಿಗೆ ಅಂಟಿದ ಚಿಪ್ ಚಾಡಿ ಹೇಳಿತು. ‘ಇದು ಅಸಲಿಯಲ್ಲ’ ಎಂದು ಪ್ರಿಂಟರ್ ಬಾಯಿ ಮುಚ್ಚಿತು. ರಸ್ತೆ ಅಗೆಯುವವರು ಇಂಟರ್‌ನೆಟ್ ಕೇಬಲ್ ಕತ್ತರಿಸಿದ ದಿನವಂತೂ ಪೂರ್ಣ ಮೌನವ್ರತ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಮೊಳದ ದೂರ. ಮಾತು ಮಾತ್ರ ಸಮುದ್ರದಾಚೆ ಹೋಗಿ ಅಪ್ಪಣೆ ಪಡೆದು ಬರಬೇಕು.

ಈ ಗುಣ ಒಂದು ಮನೆಯದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಮಾದರಿಗಳು ಅದುವರೆಗೆ ಒಪ್ಪಿದ್ದ ಹೊರಗಿನ ಕಾರ್ಟ್ರಿಜ್ಜುಗಳನ್ನು ಹಠಾತ್ತನೆ ಒಲ್ಲೆ ಎಂದವು. ಜನ ಸಿಟ್ಟಾದ ಮೇಲೆ ಕಂಪನಿ ಕ್ಷಮೆ ಕೇಳಿತು. ಇಂಥ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು 2020ರಲ್ಲಿ ಇಟಲಿ ಅದೇ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ನಾವು ಹಾಕಬಹುದಾದದ್ದು ಶಾಪ ಮಾತ್ರ.

ನಮ್ಮೂರ ಗುಡಿಯ ಹರಿಹರೇಶ್ವರ ಅರ್ಧ ಹರಿ, ಅರ್ಧ ಹರ. ಪ್ರಿಂಟರೂ ಅರ್ಧ ನಮ್ಮದು, ಅರ್ಧ ಕಂಪನಿಯದು. ಧೂಳು ಒರೆಸುವ ಅರ್ಧ ನಮ್ಮದು. ಗುಡಿಯಲ್ಲಿ ಇಬ್ಬರಿಗೂ ಒಂದೇ ಮಂಗಳಾರತಿ. ಇಲ್ಲಿ ಮಂಗಳಾರತಿಯೆಲ್ಲ ನಮಗೇ.

ಮಾವ ಪ್ರಿಂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ಕ್ರೂ ಎಲ್ಲಿದೆಯೆಂದು ತಡವಿ, ಕಾಣದೆ ಬೇಸರಪಟ್ಟರು.

“ರೊಕ್ಕ ಪೂರ್ತಿ ಕೊಟ್ಟೀಯೋ ಇಲ್ಲೋ?”

“ಕೊಟ್ಟೇನ್ರಿ ಮಾವ.”

“ಮತ್ತ ಇನ್ನೂ ಅವ್ರನ್ಯಾಕ ಕೇಳ್ತೈತಿ ಇದು?”

ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅವರ ನಂಬಿಕೆ ಹಳೆಯದೇ: ಯಂತ್ರ ದುಡಿಸಿಕೊಂಡವನ ಮಾತು ಕೇಳಬೇಕು. ಪಹಣಿಯನ್ನು ಕೊನೆಗೆ ಬಸ್ ಸ್ಟ್ಯಾಂಡ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆವು. ಮೊನ್ನೆ ಮನೆಯವಳು ವೈಫೈ ಇರುವ ಫ್ರಿಜ್ ತರೋಣವೆಂದಾಗ ಮಾವ ಪೇಪರಿನಿಂದ ತಲೆಯೆತ್ತಿ ಕೇಳಿದರು: “ಅದು ಯಾರ ಮನಿ ಹಾಲು ಇಟ್ಕಂತೈತಂತ, ಮೊದ್ಲು ವಿಚಾರಿಸ್ರವ್ವಾ.”